ಒಲೆಯ ವರ್ತನೆ

ಹಾಲಿನವನ ವರ್ತನೆ, ಹೂವಿನವಳ ವರ್ತನೆ, ಪತ್ರಿಕೆಯವನ ವರ್ತನೆ ಎಂದು ನಮ್ಮ ಊರಿನ ಗೃಹಿಣಿಯರು ಆಡುವ ಮಾತನ್ನು ಎಲ್ಲರೂ ಕೇಳಿಯೇ ಇರುವರು. ದಿನವೂ ತಪ್ಪದೆ ಪದಾರ್ಥವನ್ನು ಬಾಗಿಲಿಗೆ ತಂದುಕೊಡುವುದು, ತಿಂಗಳ ಕೊನೆಗೆ ಲೆಕ್ಕವನ್ನು ಚುಕ್ತಾ ಮಾಡುವುದು; ಇಷ್ಟೇ ಅದರ ವ್ಯವಹಾರಾರ್ಥ. ಆದರೆ ಈ ಪದವು ‘ವೃತ್’ ಎಂಬ ಧಾತುವಿನಿಂದ ಹುಟ್ಟಿದುದು. ನಡೆದುಕೊಳ್ಳುವ ರೀತಿ ಎಂಬ ಅರ್ಥವೂ ಅದರಲ್ಲಿ ಅಡಗಿರುವುದು. ಕೊಡುವವನೂ ಕೊಳ್ಳುವವನೂ ನೆಟ್ಟಗೆ ನಡೆದುಕೊಂಡಲ್ಲದೆ ಯಾವ ವರ್ತನೆಯೂ ನಿಲ್ಲಲಾರದು. ಹಾಲಿನಲ್ಲಿ ನೀರು ಹೆಚ್ಚಿತೆಂದರೆ ಮರುದಿನವೇ ಬೇರೊಬ್ಬನನ್ನು ಗೊತ್ತುಮಾಡಿಕೊಳ್ಳುವೆವು. ಹೆಚ್ಚೆಂದರೆ ಒಂದು ಬೆಳಗಿನ ಕಾಫಿ ತಪ್ಪೀತು. ಒಲೆಗೆ ಬೇಕಾದ ಉರಿಯ ವರ್ತನೆ, ದೀಪಕ್ಕೆ ಬೇಕಾದ ವಿದ್ಯುತ್ತಿನ ವರ್ತನೆ ಅಷ್ಟು ಹಗುರವಾದುವಲ್ಲ. ಅವುಗಳಲ್ಲಿ ಕೈತಪ್ಪಿದರೆ ಹಣವೂ ಹೋಗುವುದು, ಮನೆಯ ಊಟವೂ ನಿಲ್ಲುವುದು. ಪ್ರಾಣಕ್ಕೆ ಸಂಚಕಾರ ಬರುವುದೂ ಉಂಟು.

ನಮ್ಮ ಹನುಮಂತನಗರದಲ್ಲಿ ಸಂಜೆಯ ಹೊತ್ತು ರಾಮಾಂಜನೇಯ ಗುಡ್ಡದ ಕಡೆಗೆ ಅಡ್ಡಾಡಲು ಹೊರಡುವ ಸಮವಯಸ್ಕರ ಬಾಯಲ್ಲಿ ಈಚೆಗೆ ಇದೇ ಪ್ರಸಂಗ. ಒಬ್ಬರು, “ಈ ಗ್ಯಾಸ್ ಏಜೆನ್ಸಿಯನ್ನು ಬಿಟ್ಟು ಬೇರೆಯದಕ್ಕೆ ಹೋಗುವುದೇ ಲೇಸು” ಎನ್ನುವರು. ಇನ್ನೊಬ್ಬರು, “ಸಿಲಿಂಡರಿನ ಗೊಡವೆಯೇ ಬೇಡ, ಕೊಳವೆಯ ಅನಿಲ ಹಾಕಿಸಿರಿ” ಎಂದು ಉಪದೇಶಿಸುವರು. ಮೂರನೆಯವರು ತಾರಸಿಯ ಮೇಲೆ ಸೌರಫಲಕಗಳನ್ನು ಹೂಡಿಸಿ ಸೂರ್ಯನಾರಾಯಣನೊಡನೆಯೇ ವರ್ತನೆ ಇಟ್ಟುಕೊಳ್ಳುವ ಯೋಚನೆಯಲ್ಲಿರುವರು. ಮೂವರ ಮಾತಿನಲ್ಲಿಯೂ ಹುರುಳುಂಟು. ಆದರೆ ಬದಲಾಯಿಸುವುದರಿಂದ ಬರುವ ಲಾಭವನ್ನು ಎಲ್ಲರೂ ಎಣಿಸುವರೇ ಹೊರತು ಬದಲಾಯಿಸುವಾಗ ಕೈಬಿಡಬಹುದಾದುದನ್ನು ಎಣಿಸುವವರು ವಿರಳ. ಆದಕಾರಣ ಈ ತಿಂಗಳು ವಾಚಕರೊಡನೆ ಈ ವಿಷಯವನ್ನು ಸ್ವಲ್ಪ ವಿಚಾರಮಾಡಬೇಕೆಂದಿರುವೆವು.

ಯೋಗಕ್ಷೇಮವೆಂಬ ಮಾತನ್ನು ನಾವೆಲ್ಲರೂ ಕಾಗದದ ಮೊದಲಿಗೆ ಬರೆದು ಮುಂದಕ್ಕೆ ಹೋಗುವೆವು. ಶಾಸ್ತ್ರಜ್ಞರು ಅದನ್ನು ಎರಡಾಗಿ ಬಿಡಿಸಿ ಅರ್ಥ ಹೇಳುವರು. ಇಲ್ಲದುದನ್ನು ಪಡೆಯುವುದು ಯೋಗ. ಇರುವುದನ್ನು ಕಾಪಾಡುವುದು ಕ್ಷೇಮ. ಹೊಸ ವರ್ತನೆಯನ್ನು ಹಿಡಿಯುವವನ ಕಣ್ಣು ಯೋಗದ ಮೇಲೆಯೇ ಇರುವುದು ಸಹಜ. ಕ್ಷೇಮದ ಮೇಲೆಯೂ ಒಂದು ಕಣ್ಣಿಡಬೇಕೆಂಬುದೇ ನಮ್ಮ ಮಾತಿನ ಸಾರ.

ಮೊದಲು ವಿದ್ಯುತ್ತಿನ ಸಂಗತಿ. ಶಿವನಸಮುದ್ರದ ನೀರಿನಿಂದ ಹುಟ್ಟಿದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪವಾಗಿ ಬೆಳಗಿತು. ಮೈಸೂರು ಸರ್ಕಾರದ ಇಲಾಖೆಯ ಕೈಯಲ್ಲಿದ್ದ ಈ ಕಾರ್ಯವು 1957ರಲ್ಲಿ ವಿದ್ಯುಚ್ಛಕ್ತಿ ಮಂಡಲಿಗೂ, 1999ರಲ್ಲಿ ಪ್ರಸರಣ ನಿಗಮಕ್ಕೂ, 2002ರಲ್ಲಿ ಬೆಸ್ಕಾಂ ಎಂಬ ಕಂಪನಿಗೂ ಬಂದಿತು. ಬಿಲ್ಲಿನ ಮೇಲಿನ ಹೆಸರು ಇಷ್ಟು ಸಲ ಬದಲಾದರೂ ಗೃಹಸ್ಥನು ತನಗೆ ಬೇಕಾದವರಿಂದ ವಿದ್ಯುತ್ತನ್ನು ಕೊಳ್ಳುವ ಅನುಕೂಲ ಮಾತ್ರ ಬರಲಿಲ್ಲ. ಒಂದೇ ತಂತಿಯ ಮೇಲೆ ಹಲವು ಕಂಪನಿಗಳು ವ್ಯಾಪಾರ ನಡೆಸಲು ದಾರಿಮಾಡಿಕೊಡುವ ಮಸೂದೆಯೊಂದು 2022ರ ಆಗಸ್ಟಿನಲ್ಲಿ ಲೋಕಸಭೆಯಲ್ಲಿ ಮಂಡಿತವಾಗಿ ಸ್ಥಾಯೀಸಮಿತಿಗೆ ಹೋಯಿತು. ಅದೇ ಬಗೆಯ ವಿಚಾರವುಳ್ಳ ಕರಡೊಂದನ್ನು 2025ರ ಅಕ್ಟೋಬರಿನಲ್ಲಿ ಕೇಂದ್ರದ ವಿದ್ಯುತ್ ಸಚಿವಾಲಯವು ಸಾರ್ವಜನಿಕರ ಅಭಿಪ್ರಾಯಕ್ಕಾಗಿ ಪ್ರಕಟಿಸಿತು. ಆದುದರಿಂದ ಈ ಪ್ರಶ್ನೆಯು ಇಂದಲ್ಲದಿದ್ದರೆ ನಾಳೆ ನಮ್ಮ ಬಾಗಿಲಿಗೆ ಬರತಕ್ಕದ್ದೇ. ಬಂದಾಗ ಕಂಗಾಲಾಗದಿರುವಂತೆ, ಇಂತಹ ಆಯ್ಕೆಯನ್ನು ಈಗಾಗಲೇ ಕಂಡವರ ಅನುಭವವನ್ನು ತಿಳಿದಿರುವುದು ಒಳ್ಳೆಯದು.

ದೂರ ಹೋಗಬೇಕಾದುದಿಲ್ಲ. ಲಕ್ಷಾಂತರ ಕನ್ನಡಿಗರು ನೆಲೆಸಿರುವ ಮುಂಬಯಿಯ ಉಪನಗರಗಳಲ್ಲಿ ಇದು ನಡೆದಿರುವುದು. ಅಲ್ಲಿ ಟಾಟಾ ಕಂಪನಿಗೂ ಮನೆಗಳಿಗೆ ವಿದ್ಯುತ್ ಮಾರುವ ಹಕ್ಕುಂಟೆಂದು ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ತೀರ್ಪಿತ್ತಿತು. 2009ರಿಂದೀಚೆಗೆ ರಿಲಯನ್ಸ್ ಕಂಪನಿಯ ಗ್ರಾಹಕರು ಬಹುಮಂದಿ ದರ ಕಡಿಮೆಯೆಂದು ಟಾಟಾ ಕಡೆಗೆ ಹೋದರು. ಬದಲಾದುದು ಬಿಲ್ಲಿನ ಮೇಲಿನ ಹೆಸರು. ಬೀದಿಯ ತಂತಿ ಹಳೆಯ ಕಂಪನಿಯದೇ. ಒಬ್ಬರ ಬಂಡಿಯಲ್ಲಿ ಇನ್ನೊಬ್ಬರ ಭತ್ತವನ್ನು ತರಿಸಿಕೊಂಡರೆ ಬಂಡಿಯ ಬಾಡಿಗೆಯನ್ನು ಕೊಡಬೇಕಷ್ಟೆ? ಹಾಗೆಯೇ ತಂತಿಯ ಬಾಡಿಗೆಯೊಂದು ಬಿಲ್ಲಿಗೆ ಸೇರಿತು. ಹೆಚ್ಚು ಬಳಸುವವರು ಹೆಚ್ಚಿನ ದರ ತೆತ್ತು ಬಡವರ ದರವನ್ನು ತಗ್ಗಿಸಿಕೊಡುವ ಏರ್ಪಾಡು ಹಿಂದಿನಿಂದಲೂ ಉಂಟು. ದೊಡ್ಡ ಗ್ರಾಹಕರೇ ಬಿಟ್ಟುಹೋದರೆ ಆ ಭಾರವನ್ನು ಹೊರುವವರು ಯಾರು? ಅದಕ್ಕಾಗಿ ಬಿಟ್ಟುಹೋದವರ ಮೇಲೆ 2011ರಲ್ಲಿ ಇನ್ನೊಂದು ಮೇಲ್ತೆರಿಗೆಯು ಬಂದಿತು. ಹೀಗೆ ಹೊರಟಾಗ ನೋಡಿದ ದರಕ್ಕೂ ಬಿಲ್ಲಿನಲ್ಲಿ ಬಂದ ಮೊತ್ತಕ್ಕೂ ಅಂತರವುಂಟಾಯಿತು. 2018ರಲ್ಲಿ ರಿಲಯನ್ಸಿನ ಈ ವ್ಯವಹಾರವೇ ಅದಾನಿ ಕಂಪನಿಯ ಕೈಸೇರಿತು. ನಾವು ಬದಲಾಯಿಸದೆ ಕುಳಿತರೂ ನಮ್ಮ ವರ್ತನೆಯವರು ಬದಲಾಗಬಹುದೆಂಬುದಕ್ಕೆ ಇದೇ ನಿದರ್ಶನ.

ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮವರ ಮಕ್ಕಳಿಗೆ ಇದಕ್ಕಿಂತಲೂ ವಿಚಿತ್ರವಾದ ಅನುಭವ. ಆ ದೇಶದಲ್ಲಿ ಗೃಹಸ್ಥನು ವಿದ್ಯುತ್ತನ್ನೂ ಅನಿಲವನ್ನೂ ಹತ್ತಾರು ಕಂಪನಿಗಳ ಪೈಕಿ ತನಗೆ ಬೇಕಾದವರಿಂದ ಕೊಳ್ಳಬಹುದು. 2021ರಲ್ಲಿ ಅನಿಲದ ಸಗಟು ಬೆಲೆ ಆಕಾಶಕ್ಕೇರಲು, ಅಗ್ಗದ ದರವನ್ನು ವಾಗ್ದಾನ ಮಾಡಿದ್ದ ಸಣ್ಣ ಕಂಪನಿಗಳು ಇಪ್ಪತ್ತೈದಕ್ಕೂ ಹೆಚ್ಚು ಕೆಲವೇ ತಿಂಗಳುಗಳಲ್ಲಿ ದಿವಾಳಿಯೆದ್ದುವು. ಹದಿನೈದು ಲಕ್ಷಕ್ಕಿಂತ ಹೆಚ್ಚು ಗ್ರಾಹಕರಿದ್ದ ಬಲ್ಬ್ ಎಂಬ ಕಂಪನಿಯನ್ನು ಅದೇ ವರ್ಷದ ನವೆಂಬರಿನಲ್ಲಿ ಸರ್ಕಾರದ ಹಣದಿಂದ ನಡೆಸಬೇಕಾಯಿತು. ಯಾರ ಮನೆಯ ದೀಪವೂ ಆರಲಿಲ್ಲವೆಂಬುದನ್ನು ಹೇಳಲೇಬೇಕು; ನಿಯಂತ್ರಣಾಧಿಕಾರಿಗಳು ಅನಾಥರಾದ ಗ್ರಾಹಕರನ್ನು ಬೇರೆ ಕಂಪನಿಗಳಿಗೆ ಒಪ್ಪಿಸಿದರು, ಮುಂಗಡವಾಗಿ ಕೊಟ್ಟಿದ್ದ ಹಣಕ್ಕೂ ರಕ್ಷಣೆಯಿತ್ತು. ಆದರೆ ಅಗ್ಗದ ದರ ಹೋಯಿತು. ಈ ವ್ಯವಸ್ಥೆಯ ವೆಚ್ಚವು ಕಡೆಗೆ ಎಲ್ಲರ ಬಿಲ್ಲಿಗೂ ಹಂಚಿಹೋಯಿತು. ಎಂದೂ ಕಂಪನಿ ಬದಲಾಯಿಸದವರೂ ತೆತ್ತರು.

ಇವೆರಡು ಕಥೆಗಳಿಂದ ಗ್ರಹಿಸತಕ್ಕುದು ಇಷ್ಟು. ಹೊಸಬರು ಹೇಳುವ ದರವೊಂದನ್ನೇ ಹಳಬರ ದರದೊಡನೆ ತೂಗಬಾರದು. ಬಾಡಿಗೆ, ಠೇವಣಿ, ಮೇಲ್ತೆರಿಗೆ ಎಲ್ಲವೂ ಸೇರಿದ ಕಡೆಯ ಮೊತ್ತವನ್ನು ತೂಗಬೇಕು. ಈ ದರವು ಎಷ್ಟು ಕಾಲ ನಿಲ್ಲುವುದೆಂದು ಕೇಳಬೇಕು. ಕೊಡುವವನೇ ಬಿದ್ದುಹೋದರೆ ನಮ್ಮನ್ನು ಎತ್ತಿಕೊಳ್ಳುವವರು ಯಾರೆಂಬುದನ್ನೂ ತಿಳಿದಿರಬೇಕು.

ಇನ್ನು ನಮ್ಮ ಅಡಿಗೆಯ ಮನೆಗೆ ಬರೋಣ. ಇಲ್ಲಿ ಆಯ್ಕೆ ಈಗಾಗಲೇ ಉಂಟು. ಇಂಡೇನ್, ಭಾರತ್, ಎಚ್‌ಪಿ ಎಂಬ ಮೂರು ಅನಿಲಗಳಲ್ಲಿ ಯಾವುದನ್ನಾದರೂ, ನಮ್ಮ ಪ್ರದೇಶಕ್ಕೆ ಸಲ್ಲುವ ಯಾವ ಏಜೆನ್ಸಿಯಿಂದಲಾದರೂ ಪಡೆಯಬಹುದೆಂಬ ಏರ್ಪಾಡು 2013ರ ಅಕ್ಟೋಬರಿನಲ್ಲಿ ಕೆಲವು ನಗರಗಳಲ್ಲಿ ಆರಂಭವಾಗಿ 2014ರ ಜನವರಿಯಲ್ಲಿ ದೇಶದ ಬಹುಪಾಲು ಜಿಲ್ಲೆಗಳಿಗೆ ಹಬ್ಬಿತು. ಗೃಹಿಣಿಯರು ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದ ಸಂಗತಿಯೊಂದಿದೆ. ಮನೆಬಳಕೆಯ 14.2 ಕಿಲೋಗ್ರಾಮಿನ ಸಿಲಿಂಡರಿನ ಬೆಲೆ ಒಂದೇ ಊರಿನಲ್ಲಿ ಮೂರು ಕಂಪನಿಗಳದೂ ಒಂದೇ. ಆದಕಾರಣ ಬದಲಾಯಿಸಿದರೆ ಹಣ ಉಳಿಯುವುದೆಂಬ ಭ್ರಾಂತಿ ಬೇಡ. ಸಕಾಲಕ್ಕೆ ಬರುವ ಸಿಲಿಂಡರು, ಮರ್ಯಾದೆಯಾಗಿ ಮಾತನಾಡುವ ಗುಮಾಸ್ತ, ಸರಿಯಾದ ತೂಕ. ಲಾಭವೆಂಬುದು ಇಷ್ಟರಲ್ಲಿಯೇ ಇರುವುದು. ಅದೇನೂ ಅಲ್ಪವಲ್ಲ. ಆದರೆ ಅದಕ್ಕೆ ತಕ್ಕಷ್ಟೇ ತೊಂದರೆಯನ್ನು ಪಡಬೇಕು.

ಒಂದೇ ಕಂಪನಿಯ ಒಳಗೆ ಏಜೆನ್ಸಿಯನ್ನು ಮಾತ್ರ ಬದಲಾಯಿಸುವುದು ಸುಲಭ. ಸಿಲಿಂಡರನ್ನಾಗಲಿ ರೆಗ್ಯುಲೇಟರನ್ನಾಗಲಿ ಹಿಂದಿರುಗಿಸಬೇಕಾದುದಿಲ್ಲ. ಕಂಪನಿಯನ್ನೇ ಬದಲಾಯಿಸುವುದಾದರೆ ಹಳೆಯವರಿಗೆ ಎಲ್ಲವನ್ನೂ ಒಪ್ಪಿಸಿ, ಠೇವಣಿಯನ್ನು ಹಿಂದಕ್ಕೆ ಪಡೆದು, ಅವರು ಕೊಡುವ ಪತ್ರದೊಡನೆ ಹೊಸಬರಲ್ಲಿಗೆ ಹೋಗಬೇಕು. ಈ ಎರಡು ಬಾಗಿಲುಗಳ ನಡುವಿನ ಅಂಗಳದಲ್ಲಿಯೇ ಅನೇಕರು ಸಿಕ್ಕಿಬೀಳುವುದು.

ನಮ್ಮ ಬೀದಿಯಲ್ಲಿ ನಡೆದುದನ್ನೇ ಹೇಳುವೆವು. ಎಪ್ಪತ್ತು ದಾಟಿದ ಒಬ್ಬ ಹಿರಿಯ ಹೆಂಗಸು, ಯಜಮಾನರು ಹೋಗಿ ನಾಲ್ಕು ವರ್ಷ, ಮಗನು ಹೊರದೇಶದಲ್ಲಿರುವನು. ಅನಿಲದ ಪುಸ್ತಕವು ಮೂವತ್ತು ವರ್ಷಗಳಿಂದ ಯಜಮಾನರ ಹೆಸರಿನಲ್ಲಿಯೇ ನಡೆದುಬಂದಿತ್ತು; ಅದನ್ನು ಬದಲಾಯಿಸಬೇಕೆಂದು ಯಾರಿಗೂ ತೋರಿರಲಿಲ್ಲ. ಹಳೆಯ ಏಜೆನ್ಸಿಯವರು ಪದೇ ಪದೇ ತಡಮಾಡುತ್ತಿದ್ದುದರಿಂದ ಬೇಸತ್ತು ಬೇರೆ ಕಂಪನಿಗೆ ಹೋಗಲು ನಿಶ್ಚಯಿಸಿದರು. ಎರಡು ಸಿಲಿಂಡರುಗಳೂ ರೆಗ್ಯುಲೇಟರೂ ಆಟೋದಲ್ಲಿ ಹೋದುವು. ಠೇವಣಿಯೆಂದು ಅಂದಿನ ಕಾಲದಲ್ಲಿ ಕಟ್ಟಿದ್ದ ಕೆಲವು ನೂರು ರೂಪಾಯಿಗಳು ಬಂದುವು. ಹೊಸ ಏಜೆನ್ಸಿಯವರು ಪತ್ರವನ್ನು ನೋಡಿ, “ಅಮ್ಮಾ, ಈ ಹೆಸರಿನವರನ್ನು ಕರೆತನ್ನಿ” ಎಂದರು. ಇಲ್ಲದವರನ್ನು ಎಲ್ಲಿಂದ ಕರೆತರುವುದು? ಮರಣಪತ್ರ, ಮಗನ ಒಪ್ಪಿಗೆಯ ಪತ್ರ, ಆಕೆಯ ಗುರುತಿನ ಚೀಟಿ ಇವೆಲ್ಲವೂ ಕೂಡಿಬರುವುದರಲ್ಲಿ ಹನ್ನೆರಡು ದಿನಗಳಾದುವು. ಮಧ್ಯದಲ್ಲಿ ಯಜಮಾನರ ತಿಥಿ ಬಂದಿತು.

ನಮ್ಮ ಮನೆಯವರು, “ಇಲ್ಲಿಯೇ ಬಂದು ಅಡಿಗೆ ಮಾಡಿ, ಅತ್ತಿಗೆ” ಎಂದು ಕರೆದರು. ಆಕೆ ಒಪ್ಪಲಿಲ್ಲ. “ಅವರು ಕಟ್ಟಿಸಿದ ಮನೆ. ಈ ದಿನದ ಅಡಿಗೆ ಅಲ್ಲಿಯೇ ಆಗಬೇಕು, ತಾಯಿ” ಎಂದರು. ಅಟ್ಟದ ಮೇಲಿದ್ದ ಹಳೆಯ ಅಗ್ಗಿಷ್ಟಿಕೆಯನ್ನು ಇಳಿಸಿದ್ದಾಯಿತು. ಇನ್ನೂ ಇದ್ದಲನ್ನೇ ಬಳಸುವ ಇಸ್ತ್ರಿಯವನೊಬ್ಬನು ಒಂದು ಚೀಲ ಇದ್ದಲು ಕೊಟ್ಟನು. ಇದ್ದಲಿನ ಹೊಗೆಯಲ್ಲಿ ಕಣ್ಣಿಗೂ ಮೂಗಿಗೂ ತಿಳಿಯದ ವಿಷವಾಯುವಿರುವುದರಿಂದ ಕಿಟಕಿ ಬಾಗಿಲುಗಳನ್ನೆಲ್ಲ ತೆರೆಸಿ, ನಾವು ಹಿತ್ತಿಲ ಬಾಗಿಲಲ್ಲಿ ಕುಳಿತಿದ್ದೆವು. ಕರ್ಮವೇನೋ ಸಾಂಗವಾಗಿ ನಡೆಯಿತು. ಎಪ್ಪತ್ತರ ವಯಸ್ಸಿನಲ್ಲಿ ಬಗ್ಗಿ ಊದಿ ಊದಿ ಆಕೆಗೆ ಎರಡು ದಿನ ಏಳಲಾಗಲಿಲ್ಲ. ಹೊಸ ಸಂಪರ್ಕಕ್ಕೆ ಇಂದಿನ ಠೇವಣಿಯನ್ನೇ ಕಟ್ಟಬೇಕಾಯಿತು. 2022ರ ಜೂನಿನಲ್ಲಿ ಒಂದು ಸಿಲಿಂಡರಿನ ಠೇವಣಿ 1450 ರೂಪಾಯಿಗಳಿಂದ 2200 ರೂಪಾಯಿಗಳಿಗೆ ಏರಿದುದನ್ನು ವಾಚಕರು ಬಲ್ಲರು.

ಇದರಲ್ಲಿ ಯಾರ ದ್ರೋಹವೂ ಇಲ್ಲ. ಕ್ರಮ ತಪ್ಪಿತು, ಅಷ್ಟೆ. ಮೊದಲು ಹೆಸರನ್ನು ಸರಿಪಡಿಸಿಕೊಳ್ಳಬೇಕು. ಆಮೇಲೆ ಹೊಸಬರು ಒಪ್ಪುವರೆಂಬುದನ್ನು ಖಚಿತಮಾಡಿಕೊಳ್ಳಬೇಕು. ಕಡೆಗೆ ಹಳೆಯದನ್ನು ಬಿಡಬೇಕು. ಮನೆಯ ಹಿರಿಯರು ಹೋದ ವರ್ಷದೊಳಗೇ ಅನಿಲ, ವಿದ್ಯುತ್, ನೀರು ಈ ಮೂರರ ಖಾತೆಗಳನ್ನು ಇರುವವರ ಹೆಸರಿಗೆ ಮಾಡಿಸಿಕೊಳ್ಳುವುದು ಉತ್ತಮ. ಆ ಹೆಸರನ್ನು ಅಳಿಸಲು ಮನಸ್ಸು ಬಾರದಿರುವುದನ್ನು ನಾವು ಅರಿಯೆವೆಂದಲ್ಲ. ಆದರೆ ಹೋದವರು ಬಯಸುವುದು ಇರುವವರ ಕ್ಷೇಮವನ್ನೇ ಅಲ್ಲವೇ?

ಈಗ ಕೊಳವೆಯ ಅನಿಲದ ವಿಚಾರ. ಕೊಂಕಣತೀರದ ದಾಭೋಳದಿಂದ ಬೆಂಗಳೂರಿಗೆ ಸುಮಾರು 1000 ಕಿಲೋಮೀಟರಿನ ಕೊಳವೆಮಾರ್ಗವು 2013ರಲ್ಲಿ ಸಿದ್ಧವಾಯಿತು. ನಗರದ ಮನೆಗಳಿಗೆ ಅನಿಲವನ್ನು ಹಂಚುವ ಕೆಲಸವನ್ನು ಗೇಲ್ ಗ್ಯಾಸ್ ಎಂಬ ಸಂಸ್ಥೆಯು ನಡೆಸುವುದು. ಇದರ ಅನುಕೂಲಗಳು ದೊಡ್ಡವು. ಬುಕಿಂಗ್ ಇಲ್ಲ, ಸಿಲಿಂಡರನ್ನು ಮೇಲ್ಮಹಡಿಗೆ ಹೊರುವ ಕಷ್ಟವಿಲ್ಲ, ಬಳಸಿದ ಮೇಲೆ ಹಣ. ಸಿಲಿಂಡರಿನ ಅನಿಲವು ಗಾಳಿಗಿಂತ ಭಾರವಾದುದರಿಂದ ಸೋರಿದಾಗ ನೆಲದಲ್ಲಿ ಹರಡಿ ಮೂಲೆಗಳಲ್ಲಿ ಹೊಂಚುಹಾಕುವುದು. ಕೊಳವೆಯ ಅನಿಲವು ಗಾಳಿಗಿಂತ ಹಗುರ, ಮೇಲಕ್ಕೇರಿ ಚದುರುವುದು. ಆದರೆ ಚದುರಲು ದಾರಿಬೇಕು. ಸಿಲಿಂಡರಿನ ಕಾಲದಲ್ಲಿ ಕೆಳಗಿನ ಗಾಳಿಕಿಂಡಿ ಹೇಗೆ ಮುಖ್ಯವೋ ಹಾಗೆ ಇದಕ್ಕೆ ಸೂರಿನ ಬಳಿಯ ಕಿಂಡಿ ಮುಖ್ಯ. ಗಾಜು ಹಾಕಿಸಿ ಎಲ್ಲ ಕಡೆಯೂ ಮುಚ್ಚಿದ ಹೊಸ ಮಾದರಿಯ ಅಡಿಗೆಮನೆಗಳವರು ಇದನ್ನು ಗಮನಿಸಬೇಕು.

ಎರಡನೆಯ ಸಂಗತಿ ಒಲೆಯದು. ಅದೇ ಅಳತೆಯ ಸಿಲಿಂಡರ್ ಅನಿಲಕ್ಕಿಂತ ಕೊಳವೆಯ ಅನಿಲದಲ್ಲಿ ಶಾಖ ಕಡಿಮೆ. ಆದುದರಿಂದ ಒಲೆಯ ಜೆಟ್ಟಿನ ರಂಧ್ರವನ್ನು ದೊಡ್ಡದು ಮಾಡಬೇಕಾಗುವುದು. ಈ ಕೆಲಸವನ್ನು ಸಂಸ್ಥೆಯ ಕೆಲಸಗಾರನೇ ಮಾಡತಕ್ಕದ್ದು. ಹೀಗೆ ಮಾರ್ಪಟ್ಟ ಒಲೆಯನ್ನು ಮುಂದೆ ಎಂದಾದರೂ ಮನೆ ಬದಲಾಯಿಸಿದಾಗ ಹಾಗೆಯೇ ಸಿಲಿಂಡರಿಗೆ ಜೋಡಿಸಿದರೆ ಉರಿಯು ಹಳದಿಯಾಗಿ ಭುಗಿಲೆದ್ದು ಮಸಿ ಹಿಡಿಯುವುದು, ಅಪಾಯವೂ ಸಂಭವಿಸುವುದು. ಹಳೆಯ ಜೆಟ್ಟುಗಳನ್ನು ಕೇಳಿ ಪಡೆದು ಒಂದು ಡಬ್ಬಿಯಲ್ಲಿ ಹೆಸರು ಬರೆದು ಇಡಿರಿ. ಮತ್ತೆ ಹಾಕಿಸುವುದಾದರೂ ಬಲ್ಲವರಿಂದಲೇ ಹಾಕಿಸಿರಿ.

ಮೂರನೆಯದು ಲೆಕ್ಕ. ಒಂದು ಸಿಲಿಂಡರಿನ ಶಾಖಕ್ಕೆ ಕೊಳವೆಯ ಅನಿಲ ಸುಮಾರು 18 ಘನಮೀಟರ್ ಬೇಕಾಗುವುದು. ಘನಮೀಟರಿನ ದರವನ್ನು ಹದಿನೆಂಟರಿಂದ ಗುಣಿಸಿ ಸಿಲಿಂಡರಿನ ಬೆಲೆಯೊಡನೆ ಹೋಲಿಸಿದರೆ ನಿಜಸ್ಥಿತಿ ತಿಳಿಯುವುದು. ನಮ್ಮ ಶಾಲೆಯ ನಾಲ್ಕನೆಯ ತರಗತಿಯ ಮಕ್ಕಳು ಮಾಡುತ್ತಿದ್ದ ಲೆಕ್ಕವಿದು. ಸಂಕೋಚವಿಲ್ಲದೆ ಕಾಗದದ ಮೇಲೆ ಮಾಡಿನೋಡಿರಿ. ಎರಡರ ಬೆಲೆಯೂ ಹೊರದೇಶಗಳ ಪೇಟೆಯನ್ನು ಅನುಸರಿಸಿ ಏರಿಳಿಯುವುದೆಂಬುದನ್ನೂ ಮರೆಯಬಾರದು. ನಮ್ಮ ದೇಶವು ತನಗೆ ಬೇಕಾದ ಸಿಲಿಂಡರ್ ಅನಿಲದಲ್ಲಿ ನೂರಕ್ಕೆ ಅರವತ್ತರಷ್ಟನ್ನೂ, ಕೊಳವೆಯ ಅನಿಲದಲ್ಲಿ ಸುಮಾರು ಅರ್ಧವನ್ನೂ ಹಡಗಿನಲ್ಲಿ ತರಿಸಿಕೊಳ್ಳುವುದು. ಸಮುದ್ರದಾಚೆ ಜಗಳವಾದರೆ ಹನುಮಂತನಗರದ ಸಾರಿನ ಬೆಲೆ ಏರುವುದು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವೆಂದು ನಮಗೆ ತೋರುವುದು. ಸಿಲಿಂಡರಿನಲ್ಲಿ ಮೂವರ ಪೈಕಿ ಒಬ್ಬರನ್ನು ಆರಿಸಬಹುದು. ಕೊಳವೆಗೆ ಹೋದಮೇಲೆ ಒಬ್ಬರೇ ಗತಿ. ಮನೆಯಲ್ಲಿ ತುಂಬಿದ ಸಿಲಿಂಡರೊಂದು ಮೂಲೆಯಲ್ಲಿದ್ದರೆ ಒಂದು ಧೈರ್ಯ. ಕೊಳವೆಯು ಬೀದಿಯಲ್ಲಿ ಎಲ್ಲಿಯೋ ಅಗೆತಕ್ಕೆ ಸಿಕ್ಕಿತೆಂದರೆ ಇಡೀ ಬೀದಿಯ ಒಲೆಗಳು ಒಮ್ಮೆಗೇ ಆರುವುವು. ನಮ್ಮ ಊರಿನಲ್ಲಿ ರಸ್ತೆ ಅಗೆಯುವುದಕ್ಕೆ ಕಾಲಾಕಾಲವಿಲ್ಲವೆಂಬುದನ್ನು ವಿವರಿಸಬೇಕಾಗಿಲ್ಲ. ಕೊಳವೆ ಬಂದಮೇಲೆ ಸಿಲಿಂಡರನ್ನು ಹಿಂದಿರುಗಿಸಬೇಕಾಗುವುದೇ, ಎಷ್ಟು ದಿನಗಳೊಳಗೆ, ಮುಂದೆ ಮತ್ತೆ ಬೇಕಾದರೆ ಹಳೆಯ ಖಾತೆಯು ದೊರೆಯುವುದೇ ಎಂಬ ಮೂರು ಪ್ರಶ್ನೆಗಳಿಗೆ ಏಜೆನ್ಸಿಯಿಂದ ಬರಹದಲ್ಲಿ ಉತ್ತರ ಪಡೆಯತಕ್ಕದ್ದು. ಕೊಳವೆಯಲ್ಲಿ ಅನಿಲವು ನಿಜವಾಗಿ ಬಂದು ಒಲೆ ಹೊತ್ತಿದಮೇಲೆ ಸಿಲಿಂಡರು ಹೊರಡಲಿ, ಬರುವುದೆಂಬ ಮಾತಿನ ಮೇಲೆ ಬೇಡ. ಬಾಡಿಗೆಯ ಮನೆಯವರು ಮೊದಲು ಮಾಲೀಕರ ಒಪ್ಪಿಗೆಯನ್ನು ಬರೆಸಿಕೊಳ್ಳಬೇಕು.

ವಿದ್ಯುತ್ತಿನ ಒಲೆಯೊಂದನ್ನು ಆಪದ್ಧರ್ಮಕ್ಕಾಗಿ ಇಟ್ಟುಕೊಳ್ಳುವುದು ಒಳ್ಳೆಯ ಉಪಾಯ. ಅದಕ್ಕೆ ತಕ್ಕ ದಪ್ಪ ತಂತಿ, 16 ಆಂಪಿಯರಿನ ಸಾಕೆಟ್ಟು ಇವೆಯೇ ಎಂದು ನೋಡಿಕೊಳ್ಳಿರಿ. ಸಾಮಾನ್ಯವಾದ 2000 ವಾಟಿನ ಇಂಡಕ್ಷನ್ ಒಲೆಯು ಪೂರ್ಣ ಉರಿಯಲ್ಲಿ ಗಂಟೆಗೆ 2 ಯೂನಿಟ್ಟು ನುಂಗುವುದು. 2023ರಲ್ಲಿ ಆರಂಭವಾದ ಗೃಹಜ್ಯೋತಿಯ ಉಚಿತ ವಿದ್ಯುತ್ತು ಹಿಂದಿನ ಬಳಕೆಯ ಸರಾಸರಿಯನ್ನು ಅನುಸರಿಸಿರುವುದು. ಬಳಕೆ 200 ಯೂನಿಟ್ಟನ್ನು ದಾಟಿದರೆ ಪೂರ್ತಿ ಬಿಲ್ಲನ್ನು ತೆರಬೇಕಾಗುವುದು. ಅನಿಲದಲ್ಲಿ ಉಳಿಸಿದುದನ್ನು ವಿದ್ಯುತ್ತಿನಲ್ಲಿ ಕಳೆದುಕೊಳ್ಳಬಾರದು.

ಸೂರ್ಯನ ವರ್ತನೆಗೂ ಇದೇ ವಿವೇಕ ಬೇಕು. 2024ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರವು ಘೋಷಿಸಿದ ಯೋಜನೆಯಲ್ಲಿ ಒಂದು ಕಿಲೋವಾಟಿಗೆ 30,000, ಎರಡಕ್ಕೆ 60,000, ಮೂರು ಅಥವಾ ಹೆಚ್ಚಿನದಕ್ಕೆ 78,000 ರೂಪಾಯಿಗಳ ಸಹಾಯಧನವನ್ನು ಗೊತ್ತುಮಾಡಿದರು. ಒಂದು ಕಿಲೋವಾಟಿನ ಫಲಕಗಳಿಗೆ ಸುಮಾರು 100 ಚದರಡಿ ನೆರಳಿಲ್ಲದ ತಾರಸಿ ಬೇಕು. ದಿನಕ್ಕೆ ಸರಾಸರಿ 4 ಯೂನಿಟ್ಟು ಬರುವುದು. ಬಿಲ್ಲೇ ಇಲ್ಲದ ಗೃಹಜ್ಯೋತಿಯ ಮನೆಯವರಿಗೆ ಇದರಿಂದ ಉಳಿತಾಯ ಅತ್ಯಲ್ಪ. ಹೆಚ್ಚು ಬಳಸುವ ದೊಡ್ಡ ಸಂಸಾರದವರಿಗೆ ಲಾಭವುಂಟು. ಪಕ್ಕದ ನಿವೇಶನದಲ್ಲಿ ನಾಳೆ ನಾಲ್ಕು ಅಂತಸ್ತು ಎದ್ದರೆ ಬಿಸಿಲು ಎಲ್ಲಿಂದ ಬಂದೀತು ಎಂಬುದನ್ನೂ ಯೋಚಿಸಬೇಕು. ಇನ್ನೊಂದು ಮಾತು: ಬ್ಯಾಟರಿಯಿಲ್ಲದೆ ಬೆಸ್ಕಾಂ ತಂತಿಗೆ ಕೂಡಿಸಿದ ಫಲಕಗಳು ಬೀದಿಯ ವಿದ್ಯುತ್ತು ಹೋದಾಗ ತಾವೂ ನಿಲ್ಲುವುವು. ತಂತಿಯನ್ನು ದುರಸ್ತಿ ಮಾಡುವ ಲೈನ್‌ಮನ್ನನ ಪ್ರಾಣರಕ್ಷಣೆಗಾಗಿ ಹಾಗೆ ಏರ್ಪಡಿಸಿರುವುದು. ಇದನ್ನು ತಿಳಿಯದೆ, ಕತ್ತಲೆಯಲ್ಲಿಯೂ ದೀಪ ಉರಿಯುವುದೆಂದು ನಂಬಿ ಹಣ ಸುರಿದವರು ಆಮೇಲೆ ಮುಖ ಸಪ್ಪೆ ಮಾಡಿಕೊಂಡಿರುವರು.

ಕಡೆಯದಾಗಿ ಕಪಟಿಗಳ ಮಾತು. ಬದಲಾವಣೆಯ ಸಂಧಿಕಾಲವೇ ಅವರಿಗೆ ಸುಗ್ಗಿ. “ಇಂದು ರಾತ್ರಿ ನಿಮ್ಮ ಮನೆಯ ವಿದ್ಯುತ್ತು ಕಡಿಯಲಾಗುವುದು, ಈ ಸಂಖ್ಯೆಗೆ ಕರೆಮಾಡಿ” ಎಂಬ ಸುಳ್ಳು ಸಂದೇಶಗಳು 2022ರಲ್ಲಿ ದೇಶದಾದ್ಯಂತ ಹರಡಿ ಅನೇಕ ವೃದ್ಧರ ಉಳಿತಾಯವನ್ನು ನುಂಗಿದುವು. ತಪಾಸಣೆಯವನೆಂದು ಬಂದು ರಬ್ಬರ್ ಕೊಳವೆಯನ್ನು ಬಲವಂತದಿಂದ ಮಾರಿಹೋಗುವವರೂ ಉಂಟು. ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕೆಂಬುದು ನಿಜ; ಬದಲಾಯಿಸುವವನು ಯಾರೆಂಬುದನ್ನು ಏಜೆನ್ಸಿಗೆ ದೂರವಾಣಿ ಮಾಡಿ ಕೇಳಿದ ಮೇಲೆಯೇ ಒಳಗೆ ಬಿಡಬೇಕೆಂಬುದೂ ನಿಜ. ಸಿಲಿಂಡರು ತರುವವನಿಗೆ ಹೇಳಬೇಕಾದ ಗುಪ್ತಸಂಖ್ಯೆಯೊಂದು ಮೊಬೈಲಿಗೆ ಬರುವುದು. ಅದನ್ನು ಸಿಲಿಂಡರು ಹೊಸ್ತಿಲ ಬಳಿ ಇಳಿದಮೇಲೆ ಅವನ ಮುಖ ನೋಡಿ ಹೇಳಬೇಕು; ದೂರವಾಣಿಯಲ್ಲಿ ಕೇಳುವವನಿಗೆ ಯಾವ ಸಂಖ್ಯೆಯನ್ನೂ ಹೇಳಕೂಡದು.

ಗೃಹಸ್ಥರು ಒಂದು ಸಣ್ಣ ಪುಸ್ತಕವನ್ನು ಮಾಡಿ ಅಡಿಗೆಮನೆಯ ಗೂಡಿನಲ್ಲಿಡಬೇಕೆಂದು ನಮ್ಮ ಸೂಚನೆ. ಅದರಲ್ಲಿ ಬೆಸ್ಕಾಂ ಬಿಲ್ಲಿನ ಆರ್.ಆರ್. ಸಂಖ್ಯೆ, ಅನಿಲದ ಗ್ರಾಹಕಸಂಖ್ಯೆ, ಖಾತೆ ಯಾರ ಹೆಸರಿನಲ್ಲಿದೆ, ಠೇವಣಿ ಎಷ್ಟು, ಕೊಳವೆ ಬದಲಾಯಿಸಿದ ತಾರೀಖು, ವರ್ತನೆ ಬದಲಾದ ದಿನದ ಮೀಟರಿನ ಅಂಕಿ, ಹಳಬರು ಕೊಟ್ಟ ಬಾಕಿಯಿಲ್ಲವೆಂಬ ಪತ್ರದ ವಿವರ ಇಷ್ಟಿರಲಿ. ಕೊನೆಯ ಪುಟದಲ್ಲಿ ದಪ್ಪಕ್ಷರದಲ್ಲಿ ನಾಲ್ಕು ಸಂಖ್ಯೆಗಳನ್ನು ಬರೆಯಿರಿ: ಸಿಲಿಂಡರ್ ಅನಿಲ ಸೋರಿದರೆ 1906, ವಿದ್ಯುತ್ತಿಗೆ 1912, ಗ್ರಾಹಕರ ದೂರಿಗೆ 1915, ಮೊಬೈಲಿನ ಮೋಸಕ್ಕೆ 1930. ಅನಿಲದ ವಾಸನೆ ಬಂದಾಗ ಸ್ವಿಚ್ಚನ್ನು ಹಾಕದೆ, ಆರಿಸದೆ, ಕಿಟಕಿ ಬಾಗಿಲು ತೆರೆದು, ರೆಗ್ಯುಲೇಟರನ್ನು ಮುಚ್ಚಿ, ಹೊರಗೆ ಬಂದು ದೂರವಾಣಿ ಮಾಡಬೇಕೆಂಬುದನ್ನು ಅದೇ ಪುಟದಲ್ಲಿ ಬರೆದು ಮಕ್ಕಳಿಂದ ಒಮ್ಮೆ ಓದಿಸಿರಿ.

ವೈದಿಕ ಕಾಲದ ಗೃಹಸ್ಥನು ಮದುವೆಯಲ್ಲಿ ಹೊತ್ತಿಸಿದ ಅಗ್ನಿಯನ್ನು ಆರದಂತೆ ಕಾಯುತ್ತಿದ್ದನು. ಊರು ಬಿಟ್ಟು ಊರಿಗೆ ಹೋಗುವಾಗ ಅದನ್ನು ಜೊತೆಯಲ್ಲಿ ಕೊಂಡೊಯ್ಯುತ್ತಿದ್ದನು. ನೆಲೆಯನ್ನು ಬದಲಾಯಿಸಬಾರದೆಂದು ಅವನಿಗೆ ಯಾರೂ ವಿಧಿಸಲಿಲ್ಲ. ಬದಲಾಯಿಸುವಾಗ ಬೆಂಕಿ ಆರಬಾರದೆಂದಷ್ಟೇ ವಿಧಿಸಿದ್ದರು. ನಮ್ಮ ವಾಚಕರೂ ಏಜೆನ್ಸಿಯನ್ನು ಬದಲಾಯಿಸಲಿ, ಕೊಳವೆಯನ್ನು ಹಾಕಿಸಲಿ, ಬಿಸಿಲನ್ನು ಹಿಡಿಯಲಿ. ಆದರೆ ಹೊಸ ಒಲೆ ಹೊತ್ತಿದುದನ್ನು ಕಣ್ಣಾರೆ ಕಂಡಮೇಲೆ ಹಳೆಯದನ್ನು ಆರಿಸಲಿ. ನೆರೆಯಲ್ಲಿ ಒಂಟಿಯಾಗಿರುವ ಹಿರಿಯರಿದ್ದರೆ ಈ ವಾರ ಅವರ ಅನಿಲದ ಪುಸ್ತಕವನ್ನು ತೆಗೆಸಿ, ಅದು ಯಾರ ಹೆಸರಿನಲ್ಲಿದೆಯೆಂದು ನೋಡಿಕೊಡಿರಿ.